ಒಂಬತ್ತನೇ ಸೂತ್ರ ಮತ್ತು ಆರಡಿ ಎತ್ತರದ ಚಿಲಕ

"ಭಾನುವಾರ ಸಂಜೆಯೊಳಗೆ ಈ ಸೊಂಟ ನೆಟ್ಟಗಾಗದಿದ್ರೆ ನನ್ನ ಹೆಸರು ಬದಲಾಯಿಸಿ!" ಎಂದು ಬಟಾಣಿಯಮ್ಮ ಬುಧವಾರ ಬೆಳಿಗ್ಗೆ ಅಡುಗೆಮನೆಯ ನಡುಮಧ್ಯೆ ನಿಂತು ಶಪಥ ಮಾಡಿದಳು.

ನಿಂತು ಎನ್ನುವುದು ಮರ್ಯಾದೆಗೆ ಹೇಳುವ ಮಾತು. ನಿಜದಲ್ಲಿ ಅವಳು ನಿಂತಿರಲಿಲ್ಲ; ಬಗ್ಗಿರಲೂ ಇಲ್ಲ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಸಿಂಕಿನ ಅಂಚಿನ ಮೇಲೆ, ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಎರಡಕ್ಕೂ ನಡುವೆ ಎಲ್ಲೋ ನೇತಾಡುತ್ತಿದ್ದಳು.

ಗಂಡ ಲಿಫ್ಟ್ ರಿಪೇರಿ ಮಾಡುವವನು. ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಹೆಂಡತಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ಪರೀಕ್ಷಿಸಿ ತೀರ್ಪು ಕೊಟ್ಟ. "ನಿನ್ನ ಸೊಂಟ ಎರಡನೇ ಮಹಡಿಗೂ ಮೂರನೇ ಮಹಡಿಗೂ ಮಧ್ಯೆ ನಿಂತ್ಬಿಟ್ಟಿದೆ ಕಣೇ. ಓವರ್‌ಲೋಡ್!"

"ನಾನೇನು ನಿಮ್ಮ ಲಿಫ್ಟಾ?"

"ಲಿಫ್ಟಾಗಿದ್ರೆ ಎಷ್ಟೋ ವಾಸಿ. ಭಾರ ಜಾಸ್ತಿಯಾದ್ರೆ ಅದು ಕುಂಯ್ ಕುಂಯ್ ಅಂತ ಬಾಯ್ಬಿಟ್ಟು ಹೇಳತ್ತೆ. ಒಬ್ರನ್ನ ಕೆಳಗಿಳಿಸೋವರೆಗೂ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ನೀನು ಇಳಿಸೋದೇ ಇಲ್ವಲ್ಲ!"

ಇಳಿಸಬೇಕಾದ ಭಾರ ಆಗಲೇ ಅಮ್ಮನ ಎಡಸೊಂಟದ ಮೇಲೆ ಕೂತು ಅವಳ ಕಿವಿಯನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಮಗಳನ್ನು ಬಟಾಣಿ ಎಂದು ಕರೆದಿದ್ದರು. ಹದಿಮೂರು ತಿಂಗಳಲ್ಲಿ ಬಟಾಣಿ ಬೆಳೆದು ಕುಂಬಳಕಾಯಿಯಾಗಿ, ತೂಕದ ಮುಳ್ಳು ಹನ್ನೊಂದು ಕಿಲೋ ದಾಟಿದ್ದರೂ ಹೆಸರು ಮಾತ್ರ ಬೆಳೆಯಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮಹಾರಾಣಿಯ ಸವಾರಿ ಅಮ್ಮನ ಸೊಂಟದ ಮೇಲೆಯೇ. ಕೆಳಗಿಳಿಸಲು ಅಮ್ಮನಿಗೆ ಧೈರ್ಯವಿಲ್ಲ. ನೆಲದಲ್ಲಿ ಕ್ರಿಮಿ! ಗೋಡೆಗೆ ಮೂಲೆ! ಮೇಜಿಗೆ ನಾಲ್ಕು ಕಾಲು, ಒಂದೊಂದು ಕಾಲಿಗೂ ಒಂದೊಂದು ಅಪಾಯ! "ಇನ್ನೂ ನಡೀತಿಲ್ವಲ್ರೀ, ಏನಾಗಿದ್ಯೋ ಏನೋ" ಎಂದು ದಿನಕ್ಕೆ ಹತ್ತು ಸಲ ಹಲುಬುವವಳೂ ಅವಳೇ; ಮಗುವಿನ ಪಾದ ನೆಲಕ್ಕೆ ತಾಗುವ ಮೊದಲೇ ಬಾಚಿ ಎತ್ತಿಕೊಳ್ಳುವವಳೂ ಅವಳೇ.

ಇಷ್ಟು ಸಾಲದೆಂದು ಮನೆಯನ್ನೂ ಮೇಲಕ್ಕೆತ್ತಿದ್ದಳು. ಮಗು ಅಂಬೆಗಾಲಿಟ್ಟ ವಾರವೇ ನೆಲದಿಂದ ನಾಲ್ಕಡಿಯವರೆಗೆ ಮನೆಯಲ್ಲಿ ಕುರ್ಚಿ ಮೇಜು ಬಿಟ್ಟರೆ ಏನೊಂದೂ ಇರಕೂಡದು ಎಂಬ ರಾಜಾಜ್ಞೆ ಹೊರಟಿತು. ಫೋನು ಫ್ರಿಜ್ಜಿನ ನೆತ್ತಿಗೇರಿತು. ನೀರಿನ ಬಾಟಲಿ ಕಪಾಟಿನ ತುದಿಗೆ, ಮಾತ್ರೆ ಮುಲಾಮುಗಳು ಅಟ್ಟಕ್ಕೆ. ಉಪ್ಪಿನ ಡಬ್ಬಿ ಇಳಿಸಲೂ ಸ್ಟೂಲು ಹತ್ತಬೇಕು. ಗಂಡನೇನು ಕಡಿಮೆಯೆ? ಜನರ ಜೀವವನ್ನು ಉಕ್ಕಿನ ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಓಡಿಸುವ ಕಸುಬು ಅವನದು. ಸುರಕ್ಷತೆ ಎಂದರೆ ಮೈಮೇಲೆ ಬರುತ್ತದೆ. ಪ್ರತಿ ಡ್ರಾಯರಿಗೂ ಪ್ಲಾಸ್ಟಿಕ್ ಕೊಂಡಿ ಜಡಿದ. ಮಗುವಿನ ಆಟದ ಕಟಕಟೆಗೆ ಎರಡು ಬೆರಳಲ್ಲಿ ಒತ್ತಿ ಮೂರನೆಯದರಲ್ಲಿ ಎಳೆಯಬೇಕಾದ ಚಾಣಾಕ್ಷ ಬೀಗವೊಂದನ್ನು ಕೂರಿಸಿದ. ಮುಂಬಾಗಿಲಿಗಂತೂ ಒಳಗಡೆಯಿಂದ, ಆರಡಿ ಎತ್ತರದಲ್ಲಿ, ತಾನೇ ಅರದಲ್ಲಿ ಉಜ್ಜಿ ತಯಾರಿಸಿದ ಉಕ್ಕಿನ ಚಿಲಕ! "ಇದನ್ನ ಹೊರಗಿನಿಂದ ತೆಗೆಯೋ ಗಂಡಸು ಇನ್ನೂ ಹುಟ್ಟಿಲ್ಲ!" ಎಂದು ಎದೆ ತಟ್ಟಿಕೊಂಡಿದ್ದ.

ಬಗ್ಗಿ ಮಗುವನ್ನೆತ್ತು, ನಿಗುರಿ ಉಪ್ಪಿಳಿಸು. ಬಗ್ಗು, ನಿಗುರು, ಮತ್ತೆ ಬಗ್ಗು! ಸೊಂಟವಾದರೂ ಎಷ್ಟು ದಿನ ಸಹಿಸೀತು? ಬುಧವಾರ ಕೈಕೊಟ್ಟಿತು.

ಕೈಕೊಟ್ಟ ಗಳಿಗೆಯೂ ಚೆನ್ನಾಗಿರಲಿಲ್ಲ. ಸೋಮವಾರ ಗಂಡ ಪಕ್ಕದೂರಿಗೆ ಹೊರಡುವವನು. ಇಪ್ಪತ್ತು ಮಹಡಿಯ ಕಟ್ಟಡ, ಮೂರು ಹೊಸ ಲಿಫ್ಟು, ಹತ್ತು ದಿನದ ಕೆಲಸ.

"ಅಮ್ಮನ್ನ ಕರೆಸ್ಲಾ?" ಎಂದ.

"ಬೇಡ!"

"ಅರ್ಧ ಗಂಟೆ ದಾರಿ ಅಷ್ಟೇ ಕಣೇ..."

"ಬೇಡ ಅಂದ್ರೆ ಬೇಡ ರೀ!"

ಅತ್ತೆ ಕೆಟ್ಟವರಲ್ಲ. ಅದೇ ಕಷ್ಟ! ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಹೊಲಿಗೆ ಮೆಷೀನು ತುಳಿಯುತ್ತಲೇ ಮೂರು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದ ಆಕೆ ಸೊಸೆಗೆ ಒಂದು ಬಿರುಸು ಮಾತು ಆಡಿದವರಲ್ಲ. ಬರುತ್ತಾರೆ, ನೋಡುತ್ತಾರೆ, "ಪಾಪ!" ಎನ್ನುತ್ತಾರೆ, ಮಗುವನ್ನು ಎತ್ತಿಕೊಂಡು ಹೋಗಿಬಿಡುತ್ತಾರೆ. 'ನಿನ್ನ ಕೈಲಿ ಆಗುವುದಿಲ್ಲ' ಎಂಬ ಸರ್ಟಿಫಿಕೇಟು ಆ ಎರಡಕ್ಷರದೊಳಗೆ ಮಡಿಸಿ ಇಟ್ಟಿದೆ ಎಂದು ಬಟಾಣಿಯಮ್ಮನ ಗಟ್ಟಿ ನಂಬಿಕೆ. ಅದಕ್ಕೆ ಹೆದರಿಯೇ ಹದಿಮೂರು ತಿಂಗಳು ಒಬ್ಬಳೇ ನಿಭಾಯಿಸಿದ್ದಾಳೆ. ಈಗ ಒಂದು ಸೊಂಟದ ಮುಂದೆ ಸೋಲುವುದೆ? ಕೊನೆಗೆ ಒಪ್ಪಂದವಾಯಿತು. ಭಾನುವಾರ ಸಂಜೆ ಅವಳು ನೆಟ್ಟಗೆ ನಿಂತು, ಮುಖ ಕಿವುಚದೆ ಮಗುವನ್ನು ಎತ್ತಿ ತೋರಿಸಿದರೆ ಅತ್ತೆ ಬರುವುದಿಲ್ಲ. ಇಲ್ಲದಿದ್ದರೆ ಬರುತ್ತಾರೆ, ಎರಡಕ್ಷರದ ಸಮೇತ.

ಓದಿದ ಹುಡುಗಿ. ಬೆನ್ನು ನೋವಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಅವತ್ತೇ ಓದಿ ಮುಗಿಸಿದಳು. ಓದಿದ ಮೇಲೆ ತನಗೆ ಇನ್ನೂ ನಾಲ್ಕು ಕಾಯಿಲೆಗಳಿವೆಯೆಂದು ಗೊತ್ತಾಗಿ ಅರ್ಧ ಗಂಟೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಸ್ಕೇಲು ಹಿಡಿದು ಗೆರೆ ಎಳೆದು, ಮೂರು ಬಣ್ಣದ ಪೆನ್ನಿನಲ್ಲಿ ಮುತ್ತು ಪೋಣಿಸಿದಂತೆ ಬರೆದಳು: 'ಮನೆಯಲ್ಲೇ ಬೆನ್ನು ನೋವು ಶಮನ: ಹನ್ನೊಂದು ಸೂತ್ರಗಳು'. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಫೋಟೋ ತೆಗೆದು 'ಯಾರಿಗಾದರೂ ಉಪಯೋಗವಾಗಲಿ' ಎಂಬ ಒಕ್ಕಣೆ ಸೇರಿಸಿ ಮನೆಮಂದಿಯ ಗ್ರೂಪಿಗೂ ಹಾಕಿದಳು. ಅತ್ತೆಯಿಂದ ಒಂದೇ ಒಂದು ಹೆಬ್ಬೆರಳಿನ ಚಿತ್ರ ಬಂತು. ಮೆಚ್ಚುಗೆಯ ಹೆಬ್ಬೆರಳೋ ಹಂಗಿಸುವ ಹೆಬ್ಬೆರಳೋ ಎಂದು ಮುಕ್ಕಾಲು ಗಂಟೆ ತಲೆ ಕೆಡಿಸಿಕೊಂಡಳು.

ಒಂದನೇ ಸೂತ್ರ, ಬಿಸಿ ಶಾಖ. ಬಿಸಿನೀರಿನ ಚೀಲ ಚರ್ಮ ಸುಟ್ಟೀತೆಂದು ಹೆದರಿ ಒಂದು ಟವೆಲು ಸುತ್ತಿದಳು. ಚೀಲ ಒಡೆದರೆ? ಇನ್ನೊಂದು ಸುತ್ತಿದಳು. ಮೂರನೆಯದನ್ನು ಮನಸ್ಸಮಾಧಾನಕ್ಕೆ ಸುತ್ತಿದಳು. ಮೂರು ಟವೆಲು ಬೆಚ್ಚಗಾದವು. ಸೊಂಟಕ್ಕೆ ಸುದ್ದಿಯೇ ಮುಟ್ಟಲಿಲ್ಲ.

ಎರಡನೇ ಸೂತ್ರ, ತಣ್ಣನೆಯ ಶಾಖ. ಗುರುವಾರ ಫ್ರೀಜರಿನಿಂದ ಬಟಾಣಿ ಕಾಳಿನ ಪ್ಯಾಕೆಟ್ಟು ತೆಗೆದು ಬೆನ್ನಿಗಿಟ್ಟುಕೊಂಡು ಕುರ್ಚಿಗೆ ಒರಗಿದಳು. ಪಟ್ ಎಂದಿತು! ಕಾಳುಗಳು ದಿಕ್ಕಾಪಾಲಾಗಿ ನಡುಮನೆಯ ತುಂಬಾ ಉರುಳಿದವು. ಒಂದೇ ಒಂದು ಕಾಳು ಮಗುವಿನ ಮೂಗಿಗೆ ಹೋದರೆ! ಮಗುವನ್ನು ಸೊಂಟಕ್ಕೇರಿಸಿಕೊಂಡೇ ಸೋಫಾದ ಕೆಳಗೆ, ಮೇಜಿನ ಕೆಳಗೆ, ಕಪಾಟಿನ ಸಂದಿಯಲ್ಲಿ ಬಗ್ಗಿ ಬಗ್ಗಿ ಮುನ್ನೂರ ಹನ್ನೆರಡು ಕಾಳು ಆರಿಸಿದಳು. ಪ್ಯಾಕೆಟ್ಟಿನಲ್ಲಿ ಎಷ್ಟಿದ್ದವೆಂದು ಗೊತ್ತಿಲ್ಲದ ಕಾರಣ ಮತ್ತೊಂದು ಸುತ್ತು ಹುಡುಕಿದಳು. ಸಂಜೆ ಗಂಡ ಬಂದಾಗ ಪ್ರಶ್ನಾರ್ಥಕ ಚಿಹ್ನೆ ಅಲ್ಪವಿರಾಮವಾಗಿತ್ತು.

"ನೋವು ತಂದಿದ್ದೂ ಬಟಾಣಿ, ಹೆಚ್ಚಿಸಿದ್ದೂ ಬಟಾಣಿ!" ಎಂದು ನಕ್ಕ. ಅವನ ಕಡೆ ಬೀರಬೇಕಾದ ಕೆಂಗಣ್ಣನ್ನು ಬೀರಲೂ ಆಗಲಿಲ್ಲ, ಕತ್ತು ತಿರುಗುತ್ತಿರಲಿಲ್ಲ.

ಶುಕ್ರವಾರ ಐದನೇ ಸೂತ್ರ. ಗೋಡೆಗೂ ಬೆನ್ನಿಗೂ ನಡುವೆ ಚೆಂಡಿಟ್ಟು ಉಜ್ಜುವುದು. ಗಾಳಿಗೆಂದು ಬಾಗಿಲು ತೆರೆದಿಟ್ಟಿದ್ದಳು. ಚೆಂಡು ಜಾರಿತು, ಪುಟಿಯಿತು, ಬಾಗಿಲು ದಾಟಿ ಮೆಟ್ಟಿಲಿಳಿಯಿತು. ಎರಡು ನಿಮಿಷದಲ್ಲಿ ಅದೇ ಚೆಂಡು ಕೆಳಮನೆಯ ಡ್ರಿಲ್ ಮೇಡಂ ಕೈಯಲ್ಲಿ ಹತ್ತಿ ಮೇಲೆ ಬಂತು. ಮೂವತ್ತೈದು ವರ್ಷ ಶಾಲಾ ಮೈದಾನದಲ್ಲಿ ಮಕ್ಕಳನ್ನು ಓಡಿಸಿ ನಿವೃತ್ತರಾದರೂ ಕೊರಳಿನ ಸೀಟಿಗೆ ಇನ್ನೂ ನಿವೃತ್ತಿ ಕೊಡದ ಹೆಂಗಸು.

"ಏನಮ್ಮಾ ಇದು? ನನ್ನ ಕಾಫಿ ಲೋಟಕ್ಕೆ ಗೋಲ್ ಹೊಡೆದ್ಯಲ್ಲ!"

ಬಟಾಣಿಯಮ್ಮ ತನ್ನ ಗೋಳು ತೋಡಿಕೊಂಡು ಪಟ್ಟಿ ತೋರಿಸಿದಳು. ಮೇಡಂ ಕನ್ನಡಕ ಏರಿಸಿ ಹನ್ನೊಂದನ್ನೂ ಓದಿದರು. "ಅಕ್ಷರ ಚೆನ್ನಾಗಿದೆ. ಆದ್ರೆ ಹೇಳ್ತೀನಿ ಕೇಳು. ಇದೆಲ್ಲ ಅತ್ಲಾಗಿಡು. ಮಗೂನ ಕೆಳಗೆ ಬಿಡು, ನೀನು ದಿನಕ್ಕೆ ಎರಡು ಸುತ್ತು ಕೈಬೀಸ್ಕೊಂಡು ನಡಿ."

"ಕೆಳಗಾ? ನೆಲದ ಮೇಲಾ?" ಎಂದು ಬಟಾಣಿಯಮ್ಮ ಮಗುವನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಗಂಡನ ಫೋನು ಕಿರುಚಿತು. ಯಾವುದೋ ಆಫೀಸಿನ ಲಿಫ್ಟಿನಲ್ಲಿ ಏಳು ಜನ ಸಿಕ್ಕಿಹಾಕಿಕೊಂಡಿದ್ದರು. "ಇವತ್ತಿನ ಮೊದಲನೇ ಕೇಸು!" ಎಂದು ಸಾಮಾನಿನ ಚೀಲ ಹೆಗಲಿಗೇರಿಸಿ ಓಡಿದ. ಅವನ ಹಿಂದೆಯೇ ಅವಳು ಸ್ಟೂಲು ಹತ್ತಿ, ಹಲ್ಲು ಕಚ್ಚಿ, ಆರಡಿ ಎತ್ತರದ ಚಿಲಕ ಜಡಿದು, ಮಗುವನ್ನು ಕಟಕಟೆಯೊಳಗೆ ಕೂರಿಸಿ ಒಂಬತ್ತನೇ ಸೂತ್ರಕ್ಕೆ ಸಜ್ಜಾದಳು. 'ನೆಲದ ಮೇಲೆ ಚಾಪೆ ಹಾಸಿ ಅಂಗಾತ ಮಲಗಿ, ಮೊಣಕಾಲು ಮಡಿಸಿ, ಕಾಲುಗಳನ್ನು ಕುರ್ಚಿಯ ಮೇಲೆ ಇಡುವುದು. ಹದಿನೈದು ನಿಮಿಷ.'

ಮಲಗಿದಳು. ಕಾಲಿಟ್ಟಳು. ಆಹಾ!

ಸ್ವರ್ಗ ಇಲ್ಲೇ ಚಾಪೆಯ ಮೇಲಿತ್ತು. ಮೂರು ದಿನದಿಂದ ಹಗ್ಗದಂತೆ ಹುರಿಗೊಂಡಿದ್ದ ಬೆನ್ನು ಬೆಣ್ಣೆಯ ಹಾಗೆ ನೆಲಕ್ಕೆ ಹರಡಿಕೊಂಡಿತು. ಗೆದ್ದೆ! ಎಂದುಕೊಂಡಳು. ಅತ್ತೆಗೆ ಭಾನುವಾರ ಎಂಥ ಫೋಟೋ ಕಳಿಸಬೇಕು ಎಂದು ಯೋಚಿಸುತ್ತಿದ್ದಾಗ ತಲೆಯ ಹಿಂದೆ 'ಟಿಕ್' ಎಂದಿತು.

ಕತ್ತು ಹೊರಳಿಸಿ ನೋಡಿದಳು. ಎರಡು ಬೆರಳಲ್ಲಿ ಒತ್ತಿ, ಮೂರನೆಯದರಲ್ಲಿ ಎಳೆದು, ಬಟಾಣಿ ಕಟಕಟೆಯ ಬಾಗಿಲು ತೆರೆದುಕೊಂಡು ಹೊರಗೆ ಬರುತ್ತಿದ್ದಳು!

"ಅಯ್ಯಯ್ಯೋ!" ಎಂದು ಅಮ್ಮ ಚಂಗನೆ ಏಳಲು ಹೋದಳು. ಚಂಗ್ ಆಗಲಿಲ್ಲ. 'ಕಳಕ್' ಆಯಿತು. ಸೊಂಟ ಅಲ್ಲೇ ಹಿಡಿದುಕೊಂಡಿತು. ತಲೆ ಎತ್ತಿದರೆ ನೋವು, ಕಾಲು ಇಳಿಸಿದರೆ ನೋವು, ಉಸಿರೆಳೆದರೂ ನೋವು. ಮಗುಚಿಬಿದ್ದ ಜಿರಲೆಯ ಹಾಗೆ ಅಂಗಾತ ಬಿದ್ದು ನಾಲ್ಕೂ ದಿಕ್ಕು ನೋಡಿದಳು.

ಫೋನು? ಫ್ರಿಜ್ಜಿನ ನೆತ್ತಿಯ ಮೇಲೆ. ನೀರು? ಕಪಾಟಿನ ತುದಿಯಲ್ಲಿ. ಮಾತ್ರೆ? ಅಟ್ಟದಲ್ಲಿ. ಬಾಗಿಲಿನ ಚಿಲಕ? ಆರಡಿ! ಒಂದೂವರೆ ಅಡಿ ಎತ್ತರದ ಜೀವಿಗೆ ಕೈಗೆಟುಕುವಂಥ ಒಂದೇ ಒಂದು ವಸ್ತು ಮನೆಯಲ್ಲಿ ಇರಬಾರದೆಂದು ಹಗಲಿರುಳು ದುಡಿದಿದ್ದಳಲ್ಲ, ದುಡಿಮೆ ಸಾರ್ಥಕವಾಗಿತ್ತು. ಈಗ ಅವಳ ಎತ್ತರ ಸರಿಯಾಗಿ ಒಂದೂವರೆ ಅಡಿ!

ಅಂಬೆಗಾಲಿಡುತ್ತಾ ಬಂದ ಬಟಾಣಿಗೆ ಆಟಕ್ಕೆ ಬೇರೇನೂ ಸಿಗಲಿಲ್ಲ. ಅಮ್ಮನೇ ಸಿಕ್ಕಳು. ಹೊಟ್ಟೆಯ ಮೇಲೆ ಹತ್ತಿ ಕೂತು ಮೂಗು ತಿರುಚತೊಡಗಿದಳು.

ಫ್ರಿಜ್ಜಿನ ಮೇಲೆ ಫೋನು ಬಡಿದುಕೊಂಡಿತು. ನಿಂತಿತು. ಮತ್ತೆ ಬಡಿದುಕೊಂಡಿತು. ಆ ಏಳು ಜನರನ್ನೂ ಹೊರಗೆ ತೆಗೆದ ಮೇಲೆ, ಒಂಬತ್ತನೇ ಸೂತ್ರದ ಫಲಿತಾಂಶ ಕೇಳಲು ಗಂಡನೇ ಮಾಡುತ್ತಿದ್ದ. ಮೊದಲ ರಿಂಗ್ ಮುಗಿಯುವ ಮುಂಚೆ "ಏನಾಯ್ತ್ರೀ?" ಎಂದು ಕೇಳುವ ಹೆಂಡತಿ ಮೂರು ಸಲವೂ ಎತ್ತದಿದ್ದಾಗ ಅವನು ಮನೆಯ ಕಡೆ ಓಡುತ್ತಲೇ ಕೆಳಮನೆಗೆ ಫೋನು ಮಾಡಿದ. ಅರೆ ನಿಮಿಷದಲ್ಲಿ ಬಾಗಿಲು ದಬದಬ ಎಂದಿತು.

"ಏನಮ್ಮಾ? ಬದುಕಿದ್ದೀಯಾ?"

"ಇದ್ದೀನಿ ಮೇಡಂ! ಏಳೋಕಾಗ್ತಿಲ್ಲ!"

"ಬಾಗಿಲು ತೆಗಿ!"

"ಏಳೋಕಾದ್ರೆ ತಾನೇ ತೆಗೆಯೋದು!"

"ಮಗು ಎಲ್ಲಿ?"

"ನನ್ನ ಮೇಲೆ ಕೂತಿದೆ ಮೇಡಂ!"

"ಅಲ್ಲೂ ಇಳಿಸಿಲ್ವಾ ನೀನು!" ಎಂದು ಮೇಡಂ ಹೊರಗಿನಿಂದ ಗದರಿ, ಅಭ್ಯಾಸ ಬಲದಿಂದ ಸೀಟಿ ಊದಿಯೇಬಿಟ್ಟರು. ಪೀಽಽಽ!

ಬಟಾಣಿಯ ಕಣ್ಣು ಅರಳಿತು. ಅಂಥ ಸೊಗಸಾದ ಸದ್ದನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಅಮ್ಮನ ಹೊಟ್ಟೆಯಿಂದ ಜಾರಿ, ಕುರ್ಚಿಯ ಕಾಲು ಹಿಡಿದು ಎದ್ದು ನಿಂತಳು.

"ಮೇಡಂ, ನಿಂತಳು! ಬಿದ್ದುಬಿಡ್ತಾಳೆ ಮೇಡಂ!"

"ನಿಂತಿದ್ದಾಳಾ? ಶಭಾಷ್! ಏ ಬಟಾಣಿ, ಬಾ ಇಲ್ಲಿ! ಲೆಫ್ಟ್!" ಪೀ! "ರೈಟ್!" ಪೀ!

ಬಟಾಣಿ ಕುರ್ಚಿಯ ಕಾಲು ಬಿಟ್ಟಳು. ಒಂದು ಹೆಜ್ಜೆ. ತೂರಾಡಿದಳು. ಇನ್ನೊಂದು ಹೆಜ್ಜೆ! ಮೂರು! ನಾಲ್ಕು! ಎರಡೂ ಕೈ ರೆಕ್ಕೆಯಂತೆ ಚಾಚಿ, ಸೀಟಿಯ ಕಡೆಗೆ, ಪುಟ್ಟ ಕುಡುಕನ ಗತ್ತಿನಲ್ಲಿ ಹೊರಟಳು. ಐದನೆಯದಕ್ಕೆ ಧೊಪ್ಪೆಂದು ಕುಂಡೆಯೂರಿ ಕೂತಳು.

ಬೇರೆ ದಿನವಾಗಿದ್ದರೆ ಕೂರುವ ಮುಂಚೆಯೇ ಅಮ್ಮ ಹಾರಿ ಹಿಡಿಯುತ್ತಿದ್ದಳು. ಹಿಡಿಯಲಾಗದಿದ್ದರೆ "ಅಯ್ಯೋ!" ಎಂದು ಚೀರುತ್ತಿದ್ದಳು, ಆ ಚೀರಾಟಕ್ಕೆ ಹೆದರಿ ಮಗು ಅಳುತ್ತಿತ್ತು. ಇವತ್ತು ಹಾರಲು ಸೊಂಟವಿಲ್ಲ, ಚೀರಲು ಉಸಿರಿಲ್ಲ. ಬಟಾಣಿ ತಿರುಗಿ ಅಮ್ಮನ ಮುಖ ನೋಡಿದಳು. ಅಮ್ಮನ ಬಾಯಿಂದ ಏನೂ ಬರಲಿಲ್ಲ. ಹಾಗಾದರೆ ಅಳುವಂಥದ್ದೇನೂ ಆಗಿಲ್ಲ ಎಂದು ಮಗು ತೀರ್ಮಾನಿಸಿ, ಕಿಲಕಿಲ ನಕ್ಕು, ನೆಲಕ್ಕೆ ಕೈಯೂರಿ ಮತ್ತೆ ಎದ್ದಿತು! ಬಟಾಣಿಯಮ್ಮನ ಕಣ್ಣಿಂದ ನೀರು ಇಳಿದು ಎರಡೂ ಕಿವಿಯೊಳಗೆ ಹೋಯಿತು. ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ಆ ಹೊತ್ತಿಗೆ ಗಂಡ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ. ಗಾಬರಿಯಲ್ಲಿ ಅವನ ಬಾಯಿಂದ ದಿನಾ ಹೇಳುವ ಮಾತೇ ಉರುಳಿತು. "ಒಳಗಿರುವವರು ದಯವಿಟ್ಟು ಗಾಬರಿಯಾಗಬೇಡಿ! ನಿಧಾನವಾಗಿ ಉಸಿರಾಡಿ! ಬಾಗಿಲನ್ನು ಬಲವಂತವಾಗಿ ತೆರೆಯಲು ಪ್ರಯತ್ನಿಸಬೇಡಿ! ಎಷ್ಟು ಜನ ಇದ್ದೀರಿ?"

"ಇಬ್ರು ರೀ! ನಿಮ್ಮ ಹೆಂಡ್ತಿ, ನಿಮ್ಮ ಮಗಳು!"

ಹೊರಗಿನಿಂದ ಆ ಚಿಲಕ ತೆಗೆಯುವ ಗಂಡಸು ಹುಟ್ಟಿದ್ದನೇನೋ ನಿಜ. ಆದರೆ ತೆಗೆಯಲು ಅವನಿಗೆ ಇಪ್ಪತ್ತೆರಡು ನಿಮಿಷ ಹಿಡಿಯಿತು. ಸಂದಿಯಲ್ಲಿ ತಗಡು ತೂರಿಸುತ್ತಾ ಒಂದು ಉಸಿರಿಗೆ "ಎಂಥಾ ಚಿಲಕ ಮಾಡಿದ್ದೀನಿ ನೋಡಿ ಮೇಡಂ!" ಎಂದು ಬೀಗುತ್ತಿದ್ದ, ಮರು ಉಸಿರಿಗೆ "ಯಾವ ಮುಠ್ಠಾಳ ಮಾಡಿದ್ದು ಇದನ್ನ!" ಎಂದು ಬೈಯುತ್ತಿದ್ದ. ಅವನ ಜೇಬಿನಲ್ಲಿ ಫೋನು ರಿಂಗಾಗಿ ರಿಂಗಾಗಿ ಸುಮ್ಮನಾಯಿತು. ನೋಡಲು ಯಾರಿಗೆ ಪುರಸೊತ್ತು? ಅತ್ತ ಮೇಡಂ ಬಾಗಿಲಿನ ಸಂದಿಗೆ ಬಾಯಿಟ್ಟು ಕವಾಯತು ಮಾಡಿಸುತ್ತಿದ್ದರು.

"ಒಂದೊಂದೇ ಕಾಲು ಕುರ್ಚಿಯಿಂದ ಇಳಿಸು! ಸೊಂಟ ತಿರುಚಬೇಡ, ಇಡೀ ಮೈ ಒಟ್ಟಿಗೆ ಪಕ್ಕಕ್ಕೆ ಹೊರಳು! ಕೈಯೂರು! ಮಂಡಿಯೂರು! ಆತುರ ಬೇಡ!"

ಬಾಗಿಲು ತೆರೆದಾಗ ಗಂಡ ಕಂಡ ದೃಶ್ಯ ಇದು. ಮಗಳು ಹೊಸ್ತಿಲ ಬಳಿ ಎರಡು ಕಾಲ ಮೇಲೆ ಸಿಪಾಯಿಯಂತೆ ನಿಂತಿದ್ದಾಳೆ. ಅವಳ ಹಿಂದೆ ಹೆಂಡತಿ ಅಂಬೆಗಾಲಿಡುತ್ತಾ ಬರುತ್ತಿದ್ದಾಳೆ!

ಅವನೂ ಮೇಡಮ್ಮೂ ಸೇರಿ ಅವಳನ್ನು ಮೆಲ್ಲಗೆ ಎಬ್ಬಿಸಿ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು. "ದಿನಕ್ಕೆ ಎಷ್ಟು ಸಲ ಎತ್ತುತ್ತೀಯ ಮಗೂನ?" ಎಂದು ಮೇಡಂ ಕೇಳಿದರು.

"ಜಾಸ್ತಿ ಇಲ್ಲ ಮೇಡಂ. ಒಂದು ಅರವತ್ತು ಸಲ..."

ಗಂಡ ತನ್ನ ಕಸುಬಿನ ಲೆಕ್ಕ ಹಾಕಿದ. "ಹನ್ನೊಂದು ಕಿಲೋ, ಅರವತ್ತು ಸಲ, ಆರುನೂರ ಅರವತ್ತು! ಇಷ್ಟಕ್ಕೆ ನಾನು ಮೋಟಾರು ಹಾಕ್ತೀನಿ ಕಣೇ!"

ಮೇಡಂ ಫ್ರಿಜ್ಜಿನ ಬಳಿ ಹೋಗಿ, ಪಟ್ಟಿಯ ಕೆಳಗೆ ಕೆಂಪು ಪೆನ್ನಿನಲ್ಲಿ ಹನ್ನೆರಡನೇ ಸೂತ್ರ ಬರೆದರು: 'ಮಗುವನ್ನು ಕೆಳಗಿಳಿಸುವುದು.' ಮಾರ್ಕು ಕೊಟ್ಟ ಹಾಗೆ ಅಡಿಯಲ್ಲಿ ಸಹಿಯನ್ನೂ ಹಾಕಿದರು. ಅವರ ಕಾಲ ಬಳಿ ಬಟಾಣಿ ಕುಳಿತು ಕೆಳಗಿನ ಡ್ರಾಯರಿನ ಕೊಂಡಿಯನ್ನು ಆರಾಮಾಗಿ ಬಿಚ್ಚುತ್ತಿದ್ದಳು.

ಬಟಾಣಿಯಮ್ಮ ಒಂದು ದೊಡ್ಡ ಉಸಿರು ಬಿಟ್ಟಳು. ಭಾನುವಾರದವರೆಗೆ ಕಾಯುವುದರಲ್ಲಿ ಅರ್ಥವಿರಲಿಲ್ಲ. "ರೀ, ಆ ಫೋನು ಇಳಿಸಿಕೊಡಿ. ಅತ್ತೆಗೆ ನಾನೇ ಹೇಳ್ತೀನಿ."

ಮೊದಲ ರಿಂಗಿಗೇ ಅತ್ತೆ ಎತ್ತಿದರು. ಎಲ್ಲರಿಗೂ ಕೇಳಲೆಂದು ಗಂಡ ಸ್ಪೀಕರು ಒತ್ತಿದ.

"ಅತ್ತೆ, ಒಬ್ಬಳ ಕೈಲಿ ಆಗ್ತಿಲ್ಲ. ನಂಗೆ ಸೊಂಟ ಹಿಡ್ಕೊಂಡಿದೆ. ಹತ್ತು ದಿನ ಬಂದು ಇರ್ತೀರಾ?" ಎಂದು ಒಂದೇ ಉಸಿರಿಗೆ ಹೇಳಿ, ಕಣ್ಣು ಮುಚ್ಚಿ, ಆ ಎರಡಕ್ಷರಕ್ಕೆ ಕಾದಳು.

ಅದು ಬರಲಿಲ್ಲ. ಬಹಳ ಕೆಳಗಿನಿಂದ ಬಂದಂತೆ ಅತ್ತೆಯ ಕ್ಷೀಣ ದನಿ ಕೇಳಿತು. "ಬರ್ತೀನಮ್ಮಾ, ಖಂಡಿತ ಬರ್ತೀನಿ. ಆದ್ರೆ ಮೊದ್ಲು ಅವನನ್ನ ಸ್ವಲ್ಪ ಇಲ್ಲಿಗೆ ಕಳಿಸ್ತೀಯಾ? ಫೋನ್ ಮಾಡಿದ್ರೆ ಎತ್ತಲಿಲ್ಲ."

"ಯಾಕತ್ತೆ? ಏನಾಯ್ತು?"

"ಏನಿಲ್ಲ, ನೀನು ಗಾಬರಿಯಾಗ್ಬೇಡ. ಗುರುವಾರದಿಂದ ನಂಗೂ ಬೆನ್ನು ನೋವು. ನೀನು ಕಳಿಸಿದ್ಯಲ್ಲ ಪಟ್ಟಿ, ಅದನ್ನೇ ನೋಡ್ಕೊಂಡು ಮಾಡ್ತಿದ್ದೆ. ಎಷ್ಟು ಚೆನ್ನಾಗಿ ಬರ್ದಿದ್ದೀಯಮ್ಮ! ಎಂಟನೇದರವರೆಗೂ ಏನೂ ತೊಂದ್ರೆ ಇರ್ಲಿಲ್ಲ..."

"ಅತ್ತೆ! ಒಂಬತ್ತನೇದಾ?"

"ಹೂಂ. ಹತ್ತು ಗಂಟೆಯಿಂದ ನೆಲದ ಮೇಲೇ ಇದ್ದೀನಿ, ಕಾಲು ಕುರ್ಚಿ ಮೇಲಿದೆ. ಅಲ್ಲಮ್ಮಾ, ಮಲಗೋದು ಹೇಗೆ ಅಂತ ಬರ್ದಿದ್ದೀಯ. ಏಳೋದು ಹೇಗೆ ಅಂತ ಬರ್ದೇ ಇಲ್ವಲ್ಲ?"

ಡ್ರಿಲ್ ಮೇಡಂ ಫೋನಿನ ಬಳಿ ಬಗ್ಗಿ ಸೀಟಿ ಬಾಯಿಗಿಟ್ಟುಕೊಂಡರು. ಗಂಡ ಸಾಮಾನಿನ ಚೀಲ ಹೆಗಲಿಗೇರಿಸಿ, "ಇವತ್ತಿನ ಮೂರನೇ ಕೇಸು" ಎನ್ನುತ್ತಾ ಮೆಟ್ಟಿಲಿಳಿದ. ಹದಿಮೂರು ತಿಂಗಳಿಂದ ಹೆದರಿಕೊಂಡಿದ್ದ ಆ ಎರಡಕ್ಷರ ಬಟಾಣಿಯಮ್ಮನ ಬಾಯಿಂದಲೇ ಜಾರಿಬಿತ್ತು.

"ಪಾಪ!"